ಕೊಣ್ಣೂರ ಮಾಸ್ತರರೂ ಫಕೀರಪ್ಪನ ಪ್ರಶ್ನೆಯೂ

ಮುಂಬಯಿ ಪ್ರಾಂತದಲ್ಲಿ ತರ್ಕಶಾಸ್ತ್ರ ಕಲಿಸಿದ ವಿದ್ವಾಂಸರು ಅನೇಕರಿದ್ದಾರೆ. ತತ್ತ್ವಜ್ಞಾನದ ಮೇಲೆ ದೊಡ್ಡ ಗ್ರಂಥಗಳನ್ನು ಬರೆದು ಕೀರ್ತಿ ಪಡೆದವರೂ ಕಡಿಮೆಯಿಲ್ಲ. ಆದರೆ ಮನುಷ್ಯನು ಒಂದೊಂದು ಕಾಲದಲ್ಲಿ ಒಂದೊಂದು ಬಗೆಯಾಗಿ ಯಾಕೆ ವಿಚಾರ ಮಾಡಿದ, ಹಳೆಯ ಬಗೆಯನ್ನು ಬಿಟ್ಟು ಹೊಸದಕ್ಕೆ ಬರುವಾಗ ಏನನ್ನು ಪಡೆದ, ಏನನ್ನು ತೆತ್ತ ಎಂಬುದನ್ನೇ ಜೀವಮಾನದ ಅಭ್ಯಾಸವಾಗಿ ಇಟ್ಟುಕೊಂಡು, ಅದನ್ನು ಇಂಗ್ಲಿಷಿನಲ್ಲಿ ಕಾಲೇಜಿನ ಹುಡುಗರಿಗೂ ಕನ್ನಡದಲ್ಲಿ ಪುಣೆಯ ಕಾರಕೂನರಿಗೂ ವ್ಯಾಪಾರಸ್ಥರಿಗೂ ಒಂದೇ ಶ್ರದ್ಧೆಯಿಂದ ಹೇಳಿದವರು ಪ್ರೊಫೆಸರ ಪಂಢರಿನಾಥ ಬಿಂದುಮಾಧವ ಕೊಣ್ಣೂರರು. ಅವರ ಪಾಂಡಿತ್ಯವನ್ನು ಕುರಿತು ಬರೆಯಲು, ಅವರ ಗೌರವಕ್ಕಾಗಿ ಹೊರಟ ಈ ಸಂಪುಟದಲ್ಲಿ ಯೋಗ್ಯರಾದವರು ಇದ್ದಾರೆ. ಅವರ ಬಾಳಿನಲ್ಲಿ ನಡೆದ ಒಂದು ಸಂಗತಿ ಮಾತ್ರ ಹೆಚ್ಚಿನವರಿಗೆ ತಿಳಿಯದು. ಅವರ ವಿಚಾರವನ್ನೇ ತಿರುಗಿಸಿದ ಆ ಸಂಗತಿಯನ್ನು ಅವರ ಅಪ್ಪಣೆ ಪಡೆದು, ಅವರೇ ಹೇಳಿದಂತೆಯೂ ಅವರ ಶಿಷ್ಯನಾಗಿ ಈ ಲೇಖಕ ಕಂಡಂತೆಯೂ, ಇಲ್ಲಿ ನಿರೂಪಿಸಿದೆ.

ಮಲಪ್ರಭೆಯ ದಂಡೆಯ ಕೊಣ್ಣೂರು ಅವರ ಮೂಲಸ್ಥಾನ. ಮನೆತನ ಪುರಾಣ ಹೇಳುವವರದು. ತಂದೆ ಬಿಂದುಮಾಧವ ಆಚಾರ್ಯರು ಸಾಯಂಕಾಲ ಗುಡಿಯಲ್ಲಿ ಪುರಾಣ ಬಿಚ್ಚಿದರೆ ಹೊಲದಿಂದ ಬಂದವರು ಕೈಕಾಲು ತೊಳೆಯುವುದನ್ನೂ ಮರೆತು ಕೂಡುತ್ತಿದ್ದರಂತೆ. ಮಗನಿಗೆ ಆ ಕಂಠ ಬಂತು, ಆ ನಂಬಿಗೆ ಬರಲಿಲ್ಲ. ಧಾರವಾಡದ ಹೈಸ್ಕೂಲು ಮುಗಿಸಿ, 1905ರಲ್ಲಿ ಪುಣೆಗೆ ಬಂದು, ಸದಾಶಿವ ಪೇಠೆಯ ಮನೆಗಳಲ್ಲಿ ವಾರಾನ್ನ ಉಂಡು ಓದಿದರು. 1911ರಲ್ಲಿ ಮುಠಾ ನದಿಯಾಚೆಯ ಕಾಲೇಜೊಂದರಲ್ಲಿ ಅಧ್ಯಾಪಕರಾಗಿ ಸೇರಿ, ಕಳೆದ ವರ್ಷ ಅಲ್ಲಿಂದಲೇ ನಿವೃತ್ತರಾದರು. ಕಾಲೇಜಿಗೆಲ್ಲ ಅವರು ಪ್ರೊಫೆಸರ ಕೊಣ್ಣೂರ. ಪುಣೆಯ ಕನ್ನಡಿಗರಿಗೆ ಕೊಣ್ಣೂರ ಮಾಸ್ತರರು.

ಅವರ ಉಪಕಾರಗಳನ್ನು ಬರೆಯತೊಡಗಿದರೆ ಮುಗಿಯದು. ಗೋಕಾಕ, ಬೈಲಹೊಂಗಲಗಳ ಕಡೆಯಿಂದ ಬಂದ ಹುಡುಗರು ಮೊದಲ ವರ್ಷ ಇಂಗ್ಲಿಷಿಗೂ ಅಂಜಿ ಮರಾಠಿಗೂ ಅಂಜಿ ವರ್ಗದ ಹಿಂದಿನ ಬೆಂಚಿನ ಮೇಲೆ ಬಾಯಿ ಮುಚ್ಚಿ ಕೂಡುತ್ತಿದ್ದರು. ಅವರನ್ನು ಮಾಸ್ತರರು ಸಾಯಂಕಾಲ ಕಾಲುವೆಯ ದಂಡೆಗೆ ಕರೆದೊಯ್ದು ನಡೆಯುತ್ತ ನಡೆಯುತ್ತ ತರ್ಕಶಾಸ್ತ್ರವನ್ನು ಕನ್ನಡದಲ್ಲಿ ತಿಳಿಹೇಳುತ್ತಿದ್ದರು. 1918ರ ಇನ್‌ಫ್ಲುಯೆಂಝಾ ಕಾಲಕ್ಕೆ ವಸತಿಗೃಹದಲ್ಲಿ ಊರಿಗೆ ಹೋಗಲಾರದೆ ಬಿದ್ದ ಹುಡುಗರಿಗೆ ಅವರ ಪತ್ನಿ ನರ್ಮದಾಬಾಯಿಯವರು ಗಂಜಿ ಕಾಯಿಸಿಕೊಟ್ಟರು, ಮಾಸ್ತರರು ತಾವೇ ಹೊತ್ತೊಯ್ದು ಕುಡಿಸಿದರು. ಜಾತಿ ಕೇಳಿ ಕುಡಿಸಿದ್ದಲ್ಲ ಎಂಬ ಮಾತು ಆಗ ಪೇಠೆಯಲ್ಲಿ ಸಾಕಷ್ಟು ಆಡಿಕೆಗೆ ಬಂದಿತ್ತು.

ಮನುಷ್ಯನ ವಿಚಾರದ ಇತಿಹಾಸವನ್ನು ಅವರು ಕಲಿಸುತ್ತಿದ್ದ ರೀತಿ ಆಗಿನ ವಿದ್ಯಾರ್ಥಿಗಳಿಗೆಲ್ಲ ನೆನಪಿದೆ. ಕರಿಹಲಗೆಯ ಮೇಲೆ ಮೂರು ಮೆಟ್ಟಿಲು ಬರೆಯುತ್ತಿದ್ದರು. ಕೆಳಗಿನ ಮೆಟ್ಟಿಲಿನ ಮನುಷ್ಯನಿಗೆ ಪ್ರತಿಯೊಂದು ಘಟನೆಯ ಹಿಂದೆಯೂ ಯಾರೋ ಇರುತ್ತಾರೆ: ಮಳೆಯ ಹಿಂದೆ ಒಬ್ಬ, ಸಿಡಿಲಿನ ಹಿಂದೆ ಒಬ್ಬ, ಜ್ವರದ ಹಿಂದೆ ಒಬ್ಬ. ನಡುವಿನವನಿಗೆ ಹಿರಿಯರು ಹೇಳಿದ್ದು, ಗ್ರಂಥದಲ್ಲಿ ಬರೆದದ್ದು ಪ್ರಮಾಣ. ಮೇಲಿನವನು ನೋಡುತ್ತಾನೆ, ಪರೀಕ್ಷಿಸುತ್ತಾನೆ, ಆಮೇಲೆ ಒಪ್ಪುತ್ತಾನೆ. ಮೇಲಿನ ಮೆಟ್ಟಿಲು ಬರೆಯುವಾಗ ಮಾಸ್ತರರ ಮುಖ ಅರಳುತ್ತಿತ್ತು. ತಂದೆಯ ಪುರಾಣದ ಕಂಠ ಆಗ ಹೊರಗೆ ಬರುತ್ತಿತ್ತು. ಇದೇ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಅವರ ಗ್ರಂಥವೊಂದು ಸಿದ್ಧವಾಗಿ, ಅಚ್ಚಿನ ಮನೆಗೆ ಹೋಗುವುದರಲ್ಲಿತ್ತು.

ಅಂಥ ಸಮಯದಲ್ಲಿ, 1926ರ ಆರಂಭಕ್ಕೆ, ಪುಣೆಯ ಸೆಶನ್ಸ್ ಕೋರ್ಟಿನಿಂದ ಅವರಿಗೆ ಜ್ಯೂರಿಯಲ್ಲಿ ಕೂಡ್ರಲು ಕರೆ ಬಂತು. ಆಗ ಊರಿನ ಓದಿದವರನ್ನೂ ಆಸ್ತಿವಂತರನ್ನೂ ಹೀಗೆ ಪಂಚರಾಗಿ ಕರೆಯುವ ರೂಢಿಯಿತ್ತು. ಖಟ್ಲೆ ಖೂನಿನದು. ವಿಜಾಪುರದ ಕಡೆಯಿಂದ ಕಲ್ಲಿನ ಕೆಲಸಕ್ಕೆ ಬಂದು ಶಿರೂರಿನ ಹತ್ತಿರ ಘೋಡ ನದಿಯ ಮಗ್ಗುಲಲ್ಲಿ ನೆಲೆಸಿದ ಕೆಲವು ಕನ್ನಡ ಮನೆತನಗಳ ಒಂದು ಸಣ್ಣ ವಸ್ತಿ. ಹಿಂದಿನ ಮಳೆಗಾಲದಲ್ಲಿ ಆ ವಸ್ತಿಗೆ ಜ್ವರ ಹೊಕ್ಕಿತ್ತು. ಫಕೀರಪ್ಪನೆಂಬ ಕಲ್ಲುಕುಟಿಗನ ಎರಡು ಮಕ್ಕಳು ಒಂದರ ಹಿಂದೊಂದು ತೀರಿಕೊಂಡವು. ಎರಡಕ್ಕೂ ಕಷಾಯ ಕುಡಿಸಿದವಳು ವಸ್ತಿಯ ಸೂಲಗಿತ್ತಿ, ಮುದುಕಿ ಸಾವಂತ್ರವ್ವ. ಮೂರನೆಯ ಕೂಸು ತನಿಯಪ್ಪನಿಗೂ ಮೈ ಸುಡತೊಡಗಿದಾಗ ಮುದುಕಿ ಮತ್ತೆ ಕಷಾಯದ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. ಫಕೀರಪ್ಪ ಸುತ್ತಿಗೆ ತೆಗೆದುಕೊಂಡ. ಆಮೇಲೆ ತಾನೇ ಶಿರೂರಿಗೆ ನಡೆದುಹೋಗಿ ಪೊಲೀಸರ ಮುಂದೆ ನಿಂತು, ಮಾಟಗಾತಿಯನ್ನು ಮುಗಿಸಿ ಬಂದಿರುವುದಾಗಿ ಹೇಳಿದ.

ಕೋರ್ಟಿನಲ್ಲಿಯೂ ಅವನು ಏನನ್ನೂ ಮುಚ್ಚಿಡಲಿಲ್ಲ.

“ನನ್ನ ಎರಡು ಕೂಸು ತಿಂದಳ್ರಿ. ಮೂರನೇದಕ್ಕ ಕೈ ಹಾಕಿದಳ್ರಿ. ಹೊಡದೆ,” ಎಂದ. “ಆಕಿ ಹೋದಳು, ಕೂಸು ಉಳೀತು. ಬೇಕಾದರ ನನ್ನ ಹೇಣ್ತೀನ್ನ ಕೇಳ್ರಿ.”

ಕೂಸು ಉಳಿದದ್ದು ನಿಜವೇ ಆಗಿತ್ತು.

ದುಭಾಷಿ ಇದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿದ. ಜ್ಯೂರಿಯಲ್ಲಿ ಕನ್ನಡ ಬಲ್ಲವರು ಮಾಸ್ತರರೊಬ್ಬರೇ. ಅವರನ್ನೇ ಉಳಿದವರು ಮುಖಂಡರನ್ನಾಗಿ ಆರಿಸಿದ್ದರು. ಫಕೀರಪ್ಪನ ವಕೀಲ ಆರೋಪಿಯ ಅಜ್ಞಾನವನ್ನೂ ಪುತ್ರಶೋಕವನ್ನೂ ಮುಂದೆ ಮಾಡಿ ದಯೆ ಬೇಡಿದ. ಸರಕಾರಿ ವಕೀಲರು ಇಂಥ ಅಜ್ಞಾನವನ್ನು ಬೇರುಸಹಿತ ಕೀಳಬೇಕೆಂದರು. ಮಾತೆಲ್ಲ ಫಕೀರಪ್ಪನ ನಂಬಿಗೆಯ ಸುತ್ತಲೇ ತಿರುಗಿತು. ಸತ್ತ ಮುದುಕಿಯ ಮಗಳು ಕಲ್ಲವ್ವ ಸಾಕ್ಷಿಯ ಕಟ್ಟೆಗೆ ಬಂದಳು. ತಾಯಿಯ ಹೆಣ ಕಂಡದ್ದು, ಸುತ್ತಿಗೆ ಕಂಡದ್ದು ಹೇಳಿದಳು. ಇಳಿಯುವ ಮುಂಚೆ ತಿರುಗಿ ನಿಂತು ಮೆಲ್ಲಗೆ ಏನೋ ಅಂದಳು. ನ್ಯಾಯಾಧೀಶರು ತಲೆಯೆತ್ತಿ ಏನೆಂದು ವಿಚಾರಿಸಿದರು.

“ಏನಿಲ್ಲ, ಖಾವಂದರೇ. ಅಳುತ್ತಿದ್ದಾಳೆ,” ಎಂದ ದುಭಾಷಿ.

ಅವಳು ಅಳುತ್ತಿರಲಿಲ್ಲ. ಅವಳು ಅಂದದ್ದು ಮಾಸ್ತರರಿಗೆ ಸ್ಪಷ್ಟವಾಗಿ ಕೇಳಿಸಿತ್ತು: “ನಮ್ಮವ್ವ ಅಂಥಾಕಿ ಅಲ್ಲಂತ ಬರಕೋರಿ.”

ನ್ಯಾಯಾಧೀಶರು ಆಂಗ್ಲರು, ಸಭ್ಯರು. ಜ್ಯೂರಿಗೆ ತಿಳಿವಳಿಕೆ ಕೊಡುವಾಗ, ಸತ್ತವಳು ಮಾಟಗಾತಿಯೋ ಅಲ್ಲವೋ ಎಂಬುದು ಈ ನ್ಯಾಯಾಲಯದ ಮುಂದಿನ ಪ್ರಶ್ನೆಯೇ ಅಲ್ಲ, ಇಪ್ಪತ್ತನೆಯ ಶತಮಾನದಲ್ಲಿ ಅದಕ್ಕೆ ಉತ್ತರ ಕೊಡುವ ಅಗತ್ಯ ಯಾರಿಗೂ ಇಲ್ಲ ಎಂದರು. ಕೋರ್ಟಿನಲ್ಲಿ ಕೆಲವರು ನಕ್ಕರು. ಹಿಂದಿನ ಗೋಡೆಗೆ ಆತು ನಿಂತಿದ್ದ ವಸ್ತಿಯ ಜನಕ್ಕೆ ಅದು ತಿಳಿಯಲಿಲ್ಲ. ಯಾರೂ ತಿಳಿಸಲೂ ಇಲ್ಲ.

ಜ್ಯೂರಿ ಒಳಕೋಣೆಗೆ ಹೋಯಿತು. ಬಾಗಿಲು ಹಾಕಿದ ಮೇಲೆ ಅಲ್ಲಿ ಕಂಡದ್ದು ತಮ್ಮ ಮೂರು ಮೆಟ್ಟಿಲುಗಳನ್ನು ಅಲುಗಾಡಿಸಿತೆಂದು ಮಾಸ್ತರರು ಹೇಳುತ್ತಾರೆ. ಪಂಚರಲ್ಲಿ ಒಬ್ಬರು ಭವಾನಿ ಪೇಠೆಯ ದೊಡ್ಡ ಅಡತಿ ವ್ಯಾಪಾರಿಗಳು. ಆ ಮುಂಜಾನೆ ಅವರು ತಡವಾಗಿ ಬಂದಿದ್ದರು. ಬೆಕ್ಕು ಅಡ್ಡ ಹೋದದ್ದಕ್ಕೆ ಮನೆಗೆ ಮರಳಿ ಸ್ವಲ್ಪ ಹೊತ್ತು ಕೂತು ಹೊರಟರಂತೆ. ಅವರೇ ಫಕೀರಪ್ಪನ ಮೂಢತನಕ್ಕೆ ಎಲ್ಲರಿಗಿಂತ ಹೆಚ್ಚು ಹೇಸಿದವರು. ಇನ್ನೊಬ್ಬರು ತಾಲೂಕು ಆಳಿ ನಿವೃತ್ತರಾದ ಮಾಮಲೇದಾರರು.

“ಒಬ್ಬನನ್ನ ಗಲ್ಲಿಗೆ ಹಾಕಿದರೆ ನೂರು ಹಳ್ಳಿಗೆ ಬುದ್ಧಿ ಬರುತ್ತದೆ,” ಎಂದು ಅವರು ಮರಾಠಿಯಲ್ಲಿ ಹೇಳಿದಾಗ ಹಲವರು ತಲೆದೂಗಿದರು.

ಒಂದು ಜೀವ ಹೋದದ್ದಕ್ಕೆ ಇನ್ನೊಂದು ಜೀವ ಹೋದರೆ ಲೋಕ ಸರಿಯಾಗುತ್ತದೆ ಎಂಬ ಈ ವಿಚಾರ ಯಾವ ಕಾಲದ್ದೆಂದು ಮಾಸ್ತರರು ತಮ್ಮನ್ನೇ ಕೇಳಿಕೊಂಡರು. ಮಾಮಲೇದಾರರು ವಿಶ್ವವಿದ್ಯಾಲಯದ ಪದವೀಧರರು. ಗಲ್ಲಿನ ಹಗ್ಗವನ್ನು ಯಾವ ಮೆಟ್ಟಿಲಿನ ಮೇಲೆ ಇಡಬೇಕೆಂದು ಮಾಸ್ತರರಿಗೆ ತೋಚಲಿಲ್ಲ.

ಬಹಳ ವಾದವಾದ ಮೇಲೆ ಖೂನು ಸಾಬೀತಾಗಿದೆಯೆಂದೂ ಆರೋಪಿಗೆ ದಯೆ ತೋರಬೇಕೆಂದೂ ನಿರ್ಣಯವಾಯಿತು. ಮಾಸ್ತರರು ಹೊರಗೆ ಬಂದು ಅದನ್ನು ಹೇಳಿದರು. ಹೇಳಿ ಕೂಡಬೇಕಾದವರು ಕೂಡಲಿಲ್ಲ. ವಸ್ತಿಯ ಜನರ ಕಡೆಗೆ ತಿರುಗಿ ದೊಡ್ಡ ದನಿಯಿಂದ ಕನ್ನಡದಲ್ಲಿ ಹೇಳಿದರು:

“ಸಾವಂತ್ರವ್ವ ಯಾರ ಕೂಸಿಗೂ ಏನೂ ಮಾಡಿಲ್ಲ. ಆಕಿ ನಿರಪರಾಧಿ. ಇದು ನಮ್ಮೆಲ್ಲರ ಮಾತು.”

ನ್ಯಾಯಾಧೀಶರು ಲೇಖಣಿ ಕೆಳಗಿಟ್ಟು ಅದೇನೆಂದು ಕೇಳಿದರು. ಮಾಸ್ತರರು ಇಂಗ್ಲಿಷಿನಲ್ಲಿ ಮತ್ತೆ ಹೇಳಿದರು.

“ಅದು ನಿಮ್ಮ ಮುಂದಿಟ್ಟ ಪ್ರಶ್ನೆಯಲ್ಲ, ಪ್ರೊಫೆಸರ.”

“ಅಲ್ಲವೆಂದು ಬಲ್ಲೆ. ಆದರೆ ಇಲ್ಲಿ ಬಂದವರಲ್ಲಿ ಕೆಲವರಿಗೆ ಅದೊಂದೇ ಪ್ರಶ್ನೆ.”

ಆ ಮಾತನ್ನು ದಾಖಲು ಮಾಡಲಿಲ್ಲ. ಫಕೀರಪ್ಪನಿಗೆ ಜನ್ಮಠೇಪಿನ, ಅಂದರೆ ಜೀವಾವಧಿಯ, ಶಿಕ್ಷೆಯಾಯಿತು. ಪ್ರೊಫೆಸರರು ಕೋರ್ಟಿನಲ್ಲಿಯೂ ಲೆಕ್ಚರು ಕೊಟ್ಟರೆಂಬ ನಗೆಮಾತು ಕಾಲೇಜಿನಲ್ಲಿ ಹಲವು ದಿನ ತಿರುಗಾಡಿತು.

ಕೋರ್ಟಿನ ಮೆಟ್ಟಿಲಿನ ಹತ್ತಿರ ಕಲ್ಲವ್ವ ಅವರನ್ನು ಕಾದು ನಿಂತಿದ್ದಳು.

“ನೀವು ಅಂದದ್ದು ಕೇಳಿದೆರಿ. ಭಾಳ ಉಪಕಾರಾತು,” ಎಂದಳು. “ಆದರ ಊರು ನಂಬೂದಿಲ್ಲರಿ. ನಾ ಹಾದು ಹೊಂಟರ ಹಡದವರು ಕೂಸುಗೋಳನ್ನ ಒಳಗ ಎಳಕೋತಾರ. ಬಾವಿಗೆ ಕೊಡಾ ಇಳಿಸಗೊಡೂದಿಲ್ಲ.”

“ಬ್ಯಾರೆ ಊರಿಗೆ ಹೋಗಬಾರದೇನವ್ವಾ?”

“ಹೋದರ ಖರೇ ಅಂದಂಗಾತಲ್ರಿ.” ಆಮೇಲೆ ಹೇಳಿದಳು: “ನಮ್ಮವ್ವನ ಹಿಂದ, ಮುಂದಿನ ಅಮಾಸಿಗೆ, ನನ್ನ ಮಗ ಶಿವಪ್ಪನೂ ಅದs ಜ್ವರದಾಗ ಹೋದರಿ. ಮುದುಕಿ ಮೊಮ್ಮಗನ್ನ ಕರಕೊಂಡಳು ಅಂತಾರ.”

ಈ ಮಾತು ಕೋರ್ಟಿನಲ್ಲಿ ಬಂದಿರಲಿಲ್ಲ. ಕೇಳಿದವರೂ ಇರಲಿಲ್ಲ. ಆ ವಾರವೇ ಮಾಸ್ತರರು ಶಿರೂರಿಗೆ ಹೋಗಿ ಅಲ್ಲಿಯ ಡಾಕ್ಟರರನ್ನು ಬೆನ್ನುಬಿದ್ದು ವಸ್ತಿಗೆ ಕರೆದೊಯ್ದರು. ಮಳೆಗಾಲದಲ್ಲಿ ಇನ್ನೂ ಹಲವು ಮಕ್ಕಳು ಹೋಗಿದ್ದವು, ಮುದುಕಿ ಸತ್ತ ಮೇಲೆಯೂ ಹೋಗಿದ್ದವು. ಡಾಕ್ಟರರು ತಗ್ಗಿನಲ್ಲಿದ್ದ ಹಳೆಯ ಬಾವಿಯನ್ನು ನೋಡಿದರು. ಮಳೆಯಾದಾಗ ವಸ್ತಿಯ ಹೊಲಸೆಲ್ಲ ಅದಕ್ಕೇ ಇಳಿಯುತ್ತಿತ್ತು. ಅದನ್ನು ಮುಚ್ಚಿಸಿ, ಮೇಲಿನ ಗಟ್ಟಿ ನೆಲದಲ್ಲಿ ಬೇರೆ ಬಾವಿ ತೋಡಿಸಿದರು. ಮುಂದಿನ ಮಳೆಗಾಲದಲ್ಲಿ ಜ್ವರ ಬರಲಿಲ್ಲ. ಮುದುಕಿ ಹೋದಳೆಂದೇ ಬರಲಿಲ್ಲವೆಂದು ವಸ್ತಿ ತಿಳಿದುಕೊಂಡಿತು.

ಹಳೆಯ ಬಾವಿಯನ್ನು ಮುಚ್ಚಿಸಿದ ದಿನವೇ ಫಕೀರಪ್ಪನ ಹೆಂಡತಿ ಶಿವಬಸವ್ವ ಮಾಸ್ತರರ ಕಾಲು ಹಿಡಿದಿದ್ದಳು. ಅವಳಿಗೆ ಪುಣೆಗೆ ಹೋಗಿ ಬರುವ ತ್ರಾಣವಿರಲಿಲ್ಲ. “ತನಿಯಪ್ಪ ಗಟ್ಟಿ ಅದಾನ, ಓಡ್ಯಾಡತಾನ ಅಂತ ಅವರಿಗೆ ಒಂದ ಮಾತು ಮುಟ್ಟಸ್ರಿ,” ಎಂದು ಬೇಡಿಕೊಂಡಳು. ಈ ಒಂದು ಮಾತನ್ನು ಮುಟ್ಟಿಸಲೆಂದೇ ಅಪ್ಪಣೆ ಪಡೆದು ಮಾಸ್ತರರು ಯೆರವಡೆಯ ಜೈಲಿಗೆ ಹೋದರು.

ಸುದ್ದಿ ಕೇಳಿ ಫಕೀರಪ್ಪನ ಮುಖ ಅರಳಿತು. ಮಗ ಎಷ್ಟೆತ್ತರ ಆಗಿದ್ದಾನೆ, ಮಾತಾಡುತ್ತಾನೋ, ಯಾರ ಹಾಗೆ ಇದ್ದಾನೆ ಎಂದು ಕೇಳಿದ. ಹೇಳಿದಷ್ಟನ್ನೂ ಕೇಳಿ ಮುಗಿಸಿ, ನಡುವಿನ ಕಬ್ಬಿಣದ ಗಜಗಳನ್ನು ಹಿಡಿದು ನಿಂತ.

“ಸಾಹೇಬ್ರ, ಕೋರ್ಟಿನ್ಯಾಗ ನೀವು ಒಂದ ಮಾತು ಅಂದ್ರಿ. ಆಕಿ ಏನೂ ಮಾಡಿಲ್ಲ ಅಂತ.”

“ಅಂದೆ.”

“ಅದು ಕಾಯದೇದ ಮಾತೋ, ಖರೇನ ಮಾತೋ? ನೀವು ಓದಿದವರು. ದೇವರ ಮ್ಯಾಲೆ ಆಣಿ ಮಾಡಿ ಹೇಳ್ರಿ. ಆಕಿ ಮಾಟಾ ಮಾಡಿದ್ದಿಲ್ಲೇನು?”

ಜನರ ಕಣ್ಣು ತೆರೆಸಬೇಕೆಂದು ಹದಿನೈದು ವರ್ಷ ಹಂಬಲಿಸಿದವರ ಮುಂದೆ ಕಣ್ಣು ತೆರೆಸೆಂದು ಒಬ್ಬ ಮನುಷ್ಯ ತಾನಾಗಿ ಬಂದು ನಿಂತಿದ್ದ. ಹಳೆಯ ನಂಬಿಗೆ ಇರುವ ತನಕ ಈತ ಮಗನನ್ನು ಉಳಿಸಿಕೊಂಡ ತಂದೆ. ಅದು ಹೋದ ಕ್ಷಣಕ್ಕೆ, ಔಷಧ ತಂದ ಮುದುಕಿಯನ್ನು ಬಾಗಿಲಲ್ಲಿ ಕೊಂದವನು. ಮುಂದೆ ಆ ಕಲ್ಲಿನ ಕೋಣೆಯಲ್ಲಿ ವರ್ಷಗಟ್ಟಲೆ ಅದರ ಜೊತೆಗೇ ಕೂಡಬೇಕು. ತನಗೆ ತಿಳಿಯದೆಂದು ಹೇಳಿ ಹೊರಟುಬಿಡಬಹುದಾಗಿತ್ತು. ಆದರೆ ಬಾವಿಗೆ ಕೊಡ ಇಳಿಸಲಾರದೆ ನಿಂತ ಕಲ್ಲವ್ವನೂ ಅವರ ಕಣ್ಣ ಮುಂದೆ ಇದ್ದಳು.

“ಮಾಡಿದ್ದಿಲ್ಲಪಾ,” ಎಂದರು.

“ಮತ್ತ ಆಕಿ ಹೋದ ಮ್ಯಾಲೆ ನನ್ನ ಕೂಸು ಹ್ಯಾಂಗ ಉಳೀತು?”

“ಆಕಿ ಹೋದ ಮ್ಯಾಲೂ ಜ್ವರ ನಿಂದರಲಿಲ್ಲ. ಆಕೀ ಮೊಮ್ಮಗ ಶಿವಪ್ಪ, ಕಲ್ಲವ್ವನ ಮಗ, ಮುಂದಿನ ಅಮಾಸಿಗೆ ಹೋದ. ಅವನ್ನ ಯಾರು ತಿಂದರು? ಬಾವೀ ನೀರು ಕೆಟ್ಟಿತ್ತು, ಫಕೀರಪ್ಪಾ. ಅದನ್ನ ಈಗ ಮುಚ್ಚ್ಯಾರ.”

ಫಕೀರಪ್ಪ ಗಜ ಬಿಟ್ಟ. ಸಿಟ್ಟಿಲ್ಲದೆ ಕೇಳಿದ:

“ಇದನ್ನ ಯಾಕ ಹೇಳಿದ್ರಿ?”

“ನೀ ಕೇಳಿದಿ.”

ಅವನು ತಿರುಗಿ ಒಳಗೆ ನಡೆದುಬಿಟ್ಟ.

ಮುಂದಿನ ಸಲ ಮಾಸ್ತರರು ಹೋದಾಗ ಅವನು ಹೊರಗೆ ಬರಲೊಲ್ಲೆನೆಂದ. ಅನ್ನ ಮುಟ್ಟುತ್ತಿಲ್ಲವೆಂದು ಕಾವಲಿನವನು ಹೇಳಿದ. ಆ ವಾರ ಮಾಸ್ತರರು ವರ್ಗಕ್ಕೆ ಬಂದದ್ದು ಈ ಲೇಖಕನಿಗೆ ನೆನಪಿದೆ; ಆಗ ಅವನು ಅದೇ ವರ್ಗದ ವಿದ್ಯಾರ್ಥಿ. ಎಂದಿನಂತೆ ಮೆಟ್ಟಿಲು ಬರೆಯತೊಡಗಿದರು. ಎರಡು ಬರೆದು ಸೀಮೆಸುಣ್ಣದ ಖಡು ಹಿಡಿದ ಕೈ ನಿಂತಿತು. “ಇಲ್ಲಿಂದ ಇಲ್ಲಿಗೆ ಏರುವಾಗ,” ಎಂದು ತೊಡಗಿ, ಮುಂದೆ ಹೇಳದೆ, ವರ್ಗವನ್ನು ಬಿಟ್ಟು ಹೊರಗೆ ಹೋದರು. ನಮಗೆಲ್ಲ ಅವರಿಗೆ ಮೈಯಲ್ಲಿ ಸರಿಯಿಲ್ಲವೆಂದೇ ಅನಿಸಿತು.

ಮನೆಯಲ್ಲಿ ಅವರು ಸಂಧ್ಯಾಕಾಲಕ್ಕೆ ಪಡಸಾಲೆಯ ಕಂಬಕ್ಕೆ ಆತು ಕೂತಿದ್ದಾಗ ನರ್ಮದಾಬಾಯಿಯವರು ಕಾರಣ ಕೇಳಿದರು. ಮಾಸ್ತರರು ನಡೆದದ್ದೆಲ್ಲ ಹೇಳಿ, ಕೇಳಿದರು:

“ಅವನಿಗೆ ಹೇಳಬಾರದಾಗಿತ್ತೇನು?”

“ಹೇಳಬೇಕಾಗಿತ್ತೋ ಬಾರದಾಗಿತ್ತೋ ನನಗ ತಿಳಿಯೂದಿಲ್ಲ,” ಎಂದರು ನರ್ಮದಾಬಾಯಿಯವರು. “ಹೇಳೋದಂತೂ ಹೇಳಿದ್ರಿ. ಅವನು ಅಲ್ಲಿ ಒಬ್ಬನs ಕೂತಾನ, ನೀವು ಇಲ್ಲಿ ಕಂಬಕ್ಕ ಆತು ಕೂತರ ಹ್ಯಾಂಗ? ಹೋಗ್ರಿ. ಬರಲೊಲ್ಲೆ ಅಂದರೂ ಹೋಗ್ರಿ.”

ಅವರು ಹೋದರು. ಹಲವು ತಿಂಗಳು ಅವನು ಬರಲಿಲ್ಲ. ಮಾಸ್ತರರು ಜೈಲಿನ ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತು, ಭೇಟಿಯ ಹೊತ್ತು ಮುಗಿದ ಮೇಲೆ ಎದ್ದು ಬರುತ್ತಿದ್ದರು. ಅಚ್ಚಿಗೆ ಸಿದ್ಧವಾಗಿದ್ದ ಗ್ರಂಥವನ್ನು ಮರಳಿ ತರಿಸಿ ಅಟ್ಟದ ಮೇಲೆ ಇಟ್ಟುಬಿಟ್ಟರು. ಅದರ ಕೀರ್ತಿಯಿಂದ ಬರಬಹುದಾದ ಬಡತಿಯನ್ನು, ಮೇಲಿನ ಹುದ್ದೆಯನ್ನು ನೆನೆಸಿ ಗೆಳೆಯರು ಹಳಹಳಿಸಿದರು. ಅವರು ಕಾರಣ ಹೇಳಲಿಲ್ಲ.

ದಸರೆಯ ಮುಂದೆ ಒಂದು ದಿನ ಫಕೀರಪ್ಪ ಹೊರಗೆ ಬಂದ. ಅರ್ಧ ಮನುಷ್ಯನಾಗಿದ್ದ. ಯಾವ ಪೀಠಿಕೆಯೂ ಇಲ್ಲದೆ, ನಡುವೆ ನಿಂತ ಮಾತನ್ನು ಮುಂದುವರಿಸುವವನಂತೆ ಹೇಳಿದ:

“ಸಾಯೂ ಮುಂದ ನನ್ನ ಹೆಸರು ಹಿಡದು ಕರದಳ್ರಿ. ಫಕೀರಾ, ನಿನ್ನ ಹೊಕ್ಕಳಬಳ್ಳಿ ಕೊಯ್ದಾಕಿ ನಾನs ಅಲ್ಲೇನೋ, ಅಂದಳು. ಆವಾಗ ಅದೂ ಮಾಟದ ಮಾತು ಅಂತ ತಿಳದೆ.”

ಮಾಸ್ತರರು ಗಜಗಳ ಈಚೆ ನೆಲದ ಮೇಲೆ ಕೂತುಬಿಟ್ಟರು. ಆಚೆ ಅವನೂ ಕೂತ. ಕಾವಲಿನವನು ಹೊತ್ತಾಯಿತೆನ್ನುವ ತನಕ ಇಬ್ಬರೂ ಹಾಗೆಯೇ ಕೂತಿದ್ದರು.

ಅಂದಿನಿಂದ ಅವನ ಬಿಡುಗಡೆಯ ತನಕ, ಕಾಯದೆ ಭೇಟಿಗೆ ಎಡೆಗೊಟ್ಟಾಗಲೆಲ್ಲ ಮಾಸ್ತರರು ಯೆರವಡೆಗೆ ಹೋಗುವುದು ತಪ್ಪಲಿಲ್ಲ. ಅಲ್ಲಿ ಅವರು ಉಪದೇಶ ಮಾಡಿದ್ದಿಲ್ಲ. ಶಿರೂರಿನ ಮಳೆ ಬೆಳೆ, ತನಿಯಪ್ಪ ಸಾಲೆಗೆ ಹೋದದ್ದು, ಸಾಲೆ ಬಿಟ್ಟು ತಂದೆಯ ಸುತ್ತಿಗೆಯ ಕೆಲಸಕ್ಕೇ ಇಳಿದದ್ದು, ಇಂಥವೇ ಮಾತು. ಕೆಲವು ಸಲ ಮಾತೇ ಇಲ್ಲ. ಆ ವರ್ಷಗಳಲ್ಲಿ ಅವರ ವ್ಯಾಖ್ಯಾನವೂ ಬದಲಾಯಿತು. ಕರಿಹಲಗೆಯ ಮೇಲೆ ಮೆಟ್ಟಿಲು ಬರೆಯುವುದನ್ನು ಬಿಟ್ಟರು. ಒಂದು ಯುಗದ ವಿಚಾರ ಸತ್ತು ಇನ್ನೊಂದರದು ಹುಟ್ಟುವುದಿಲ್ಲ, ಎಲ್ಲವೂ ಒಂದೇ ಮನೆಯಲ್ಲಿ, ಒಮ್ಮೊಮ್ಮೆ ಒಂದೇ ತಲೆಯಲ್ಲಿ, ಕೂಡಿ ಬಾಳುತ್ತವೆ ಎಂದು ಹೇಳತೊಡಗಿದರು. ಪುಸ್ತಕದಲ್ಲಿ ವಿಚಾರ ಬದಲಾಗುವುದಕ್ಕೆ ಒಂದು ಹಾಳೆ ತಿರುವಿದರೆ ಸಾಕು, ಮನುಷ್ಯನಲ್ಲಿ ಬದಲಾಗುವಾಗ ಅವನ ಒಳಗೆ ಏನೋ ಮುರಿಯುತ್ತದೆ, ಅದನ್ನು ಬರೆಯದ ಇತಿಹಾಸ ಅರ್ಧ ಇತಿಹಾಸವೆಂದರು. ಪರೀಕ್ಷಿಸಿ ಒಪ್ಪುವ ದಾರಿಯನ್ನು ಅವರು ಬಿಟ್ಟರೆಂದು ಯಾರೂ ತಿಳಿಯಬಾರದು. ಅದರಲ್ಲಿ ಮೊದಲಿಗಿಂತ ಬಿಗಿಯಾದರು. ಬಿಟ್ಟದ್ದು ಮೇಲೆ ನಿಂತು ಕೆಳಗೆ ನೋಡುವುದನ್ನು.

1938ರಲ್ಲಿ ಫಕೀರಪ್ಪನಿಗೆ ಬಿಡುಗಡೆಯಾಯಿತು. ಜೈಲಿನ ಬಾಗಿಲಿಂದ ಹೊರಗೆ ಬಂದವನು ಮಾಸ್ತರರಿಗೆ ಹೇಳಿದ್ದು ಒಂದೇ ಮಾತು: “ಮೊದಲ ಕಲ್ಲವ್ವನ ಬಾಗಿಲಿಗೆ ಹೋಗಬೇಕ್ರಿ. ನೀವೂ ಬರ್ರಿ, ಒಬ್ಬನs ಹೋಗಲಿಕ್ಕೆ ಆಗೂದಿಲ್ಲ.” ಈ ಲೇಖಕನೂ ಆ ದಿನ ಅವರ ಸಂಗಡ ಶಿರೂರಿನ ಮೋಟಾರು ಹತ್ತಿದ್ದ.

ವಸ್ತಿಯ ಅಂಚಿಗೆ ಕಲ್ಲವ್ವನ ಗುಡಿಸಲು. ಬಾಗಿಲು ಹಾಕಿತ್ತು. ಫಕೀರಪ್ಪ ಅಂಗಳದಲ್ಲಿ ಮೊಣಕಾಲೂರಿ ಕೂತು ಕರೆದ.

“ಕಲ್ಲವ್ವಾ, ನಾ ಫಕೀರಪ್ಪ. ನಿನ್ನ ಕಾಲು ಹಿಡೀಲಿಕ್ಕೆ ಬಂದೇನಿ.”

ಒಳಗಿನಿಂದ ದನಿ ಬಂತು.

“ನನ್ನ ಕಾಲು ಹಿಡದರ ನನಗೇನಾತು? ನಮ್ಮವ್ವನ ಹೆಸರು ಕೆಡಿಸಿದ್ದು ಊರ ಮುಂದ. ಹೇಳೂದಿದ್ದರ ಊರ ಮುಂದ ಹೇಳು.”

ಬಾಗಿಲು ತೆರೆಯಲಿಲ್ಲ.

ಫಕೀರಪ್ಪ ಎದ್ದು ವಸ್ತಿಯ ನಡುವಿನ ಬೇವಿನ ಕಟ್ಟೆಗೆ ಹೋದ. ಕೆಲಸ ಬಿಟ್ಟು ಬಂದ ಜನ ಸುತ್ತಲೂ ಕೂಡಿತು. ಕೆಲವರು ಅವನನ್ನು ಅಪ್ಪಿಕೊಳ್ಳಲು ಬಂದರು. ಅವರ ಪಾಲಿಗೆ ಅವನು ವಸ್ತಿಯನ್ನು ಉಳಿಸಿದವನು. ಅವನು ಕೈ ಅಡ್ಡ ಹಿಡಿದ. ಶಿವಬಸವ್ವ ಗುಂಪಿನ ಹಿಂದೆ ಮಗನ ಭುಜ ಹಿಡಿದು ನಿಂತಿದ್ದಳು. ಮಾಸ್ತರರು ಕಟ್ಟೆಯ ಕೆಳಗೇ ಉಳಿದರು. ಅವನ ಬದಲಿಗೆ ಅವರು ಒಂದು ಮಾತನ್ನೂ ಆಡಲಿಲ್ಲ.

“ಸಾವಂತ್ರವ್ವ ಏನೂ ಮಾಡಿದ್ದಿಲ್ಲ,” ಎಂದ ಫಕೀರಪ್ಪ. “ನನ್ನ ಕೂಸಿಗೆ ಔಷಧಾ ತಂದಿದ್ದಳು. ಏನೂ ಮಾಡಲಾರದಾಕೀನ್ನ ನಾ ಕೊಂದೆ.”

ಗುಂಪಿನಲ್ಲಿ ಗುಸುಗುಸು ಎದ್ದಿತು. ಒಬ್ಬ ಮುದುಕ ಕೋಲೂರಿ ಮುಂದೆ ಬಂದು ಕೇಳಿದ:

“ಹಂಗಾದರ ನಮ್ಮ ಕೂಸುಗೋಳನ್ನ ತಿಂದವರು ಯಾರೋ?”

“ಯಾರೂ ತಿಂದಿಲ್ಲೋ ಯಪ್ಪಾ,” ಎಂದ ಫಕೀರಪ್ಪ. “ಬ್ಯಾನಿ ಬಂದಿತ್ತು. ಹೋದವು.”

ಇಷ್ಟು ಹೇಳಿ ಅವನು ಕಟ್ಟೆಯ ಮೇಲೆ ಕುಸಿದು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಸತ್ತ ತನ್ನ ಎರಡು ಮಕ್ಕಳ ಹೆಸರು ಹಿಡಿದು ಅತ್ತ. ಹನ್ನೆರಡು ವರ್ಷಗಳಲ್ಲಿ ಅವನು ಮಕ್ಕಳಿಗಾಗಿ ಅತ್ತದ್ದು ಅದೇ ಮೊದಲೆಂದು ಮಾಸ್ತರರು ಹೇಳುತ್ತಾರೆ. ಅಲ್ಲಿಯ ತನಕ ಅವನ ದುಃಖಕ್ಕೆ ಮೊದಲು ಸಿಟ್ಟು, ಆಮೇಲೆ ಪಾಪ ಅಡ್ಡ ನಿಂತಿದ್ದವು. ಗುಂಪಿನಲ್ಲಿದ್ದ ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗೆ ಹಿಡಿದಳು, ನೋಡನೋಡುತ್ತ ಇನ್ನೊಬ್ಬಳು. ಆ ಮಳೆಗಾಲದಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆ ಅಲ್ಲಿ ಹಲವಿದ್ದವು.

ಕಲ್ಲವ್ವ ಆಗ ಹೊರಗೆ ಬಂದಳು. ಕಂಕುಳಲ್ಲಿ ಕೊಡವಿತ್ತು. ಫಕೀರಪ್ಪನನ್ನು ಅವಳು ನೋಡಲಿಲ್ಲ, ಯಾರನ್ನೂ ನೋಡಲಿಲ್ಲ. ಗುಂಪಿನ ನಡುವಿನಿಂದ ಹಾದು ಮೇಲಿನ ಬಾವಿಗೆ ನಡೆದಳು. ಜನ ಸರಿದು ದಾರಿ ಬಿಟ್ಟಿತು. ಯಾವ ತಾಯಿಯೂ ಮಗುವನ್ನು ಒಳಗೆ ಎಳೆದುಕೊಳ್ಳಲಿಲ್ಲ. ಹಗ್ಗ ಇಳಿದ ಸಪ್ಪಳ, ಕೊಡ ಮುಳುಗಿದ ಸಪ್ಪಳ ಕಟ್ಟೆಯ ತನಕ ಕೇಳಿಸಿತು.

ಅವಳು ಫಕೀರಪ್ಪನನ್ನು ಕ್ಷಮಿಸಿದಳೆಂದು ಬರೆದರೆ ಸುಳ್ಳಾದೀತು. ಅವನೂ ಅದನ್ನು ಕೇಳಲಿಲ್ಲ. ಅವಳ ಕಣ್ಣ ಮುಂದೆ ಇರಬಾರದೆಂದು ಹೆಂಡತಿ ಮಗನನ್ನು ಕರೆದುಕೊಂಡು ಆ ಊರನ್ನೇ ಬಿಟ್ಟ. ಯುದ್ಧಕಾಲದಲ್ಲಿ ದೇಹೂ ರೋಡಿನಲ್ಲಿ ಲಷ್ಕರದ ಕಟ್ಟಡಗಳಿಗೆ ಕಲ್ಲು ಕಡಿದ. ಮೂರು ವರ್ಷದ ಕೆಳಗೆ ಅಲ್ಲಿಯೇ ತೀರಿಕೊಂಡ. ಅವನ ಕಡೆಯ ದಿನಗಳಲ್ಲಿ ಮಾಸ್ತರರು, ಮೊಣಕಾಲಿನ ನೋವಿದ್ದರೂ, ರೈಲು ಹತ್ತಿ ಹೋಗಿ ಅವನ ಹಾಸಿಗೆಯ ಮಗ್ಗುಲಲ್ಲಿ ಇದ್ದರು. ಕಲ್ಲವ್ವ ಇಂದಿಗೂ ಆ ವಸ್ತಿಯಲ್ಲಿದ್ದಾಳೆ. ತಾಯಿಯ ಕಸಬನ್ನು ಅವಳೇ ನಡೆಸುತ್ತಾಳೆ.

ಕಳೆದ ವರ್ಷ ಕಾಲೇಜಿನಲ್ಲಿ ಮಾಸ್ತರರ ಬೀಳ್ಕೊಡುಗೆಯಾದಾಗ ಮಾತಾಡಿದವರೆಲ್ಲ ಅವರು ತಮ್ಮನ್ನು ಕತ್ತಲೆಯಿಂದ ಬೆಳಕಿಗೆ ತಂದರೆಂದು ಹೊಗಳಿದರು. ಮಾಸ್ತರರು ತಲೆ ತಗ್ಗಿಸಿ ಕೇಳಿದರು. ಉತ್ತರ ಕೊಡುವ ಸರದಿ ಬಂದಾಗ ಎದ್ದು, ಮುಂದಿನ ಸಾಲಿನ ಹೊಸ ಅಧ್ಯಾಪಕರ ಕಡೆ ನೋಡಿ, ಮೊದಲು ಇಂಗ್ಲಿಷಿನಲ್ಲಿಯೂ ಆಮೇಲೆ, ಹಿಂದೆ ಕೂತಿದ್ದ ನಮ್ಮ ಸಲುವಾಗಿ, ಕನ್ನಡದಲ್ಲಿಯೂ ಹೇಳಿದ್ದು ಇಷ್ಟೇ:

“ಯಾರಿಗಾದರೂ ಖರೇ ಮಾತು ಹೇಳಿದರ, ಹೇಳಿ ಎದ್ದು ಹೋಗಬ್ಯಾಡ್ರಿ. ಅವರ ಹತ್ತರ ಕೂಡ್ರಿ.”

ಅಟ್ಟದ ಮೇಲಿನ ಹಳೆಯ ಗ್ರಂಥವನ್ನು ಅವರು ಮತ್ತೆ ಕೆಳಗಿಳಿಸಿಲ್ಲ. ಕನ್ನಡದಲ್ಲಿ ಹೊಸದಾಗಿ ಬರೆಯತೊಡಗಿದ್ದಾರೆ, ಮುಂಜಾನೆಯ ಹೊತ್ತು ನರ್ಮದಾಬಾಯಿಯವರಿಗೆ ಓದಿ ಹೇಳಿ, ಅವರಿಗೆ ತಿಳಿಯದ ಸಾಲನ್ನು ತಿದ್ದುತ್ತಾರೆಂದು ಬಲ್ಲೆವು. ಆ ಬರವಣಿಗೆ ಮುಗಿಯಲು ಬೇಕಾದಷ್ಟು ಆಯುಷ್ಯವನ್ನೂ, ಮುಗಿದ ಮೇಲೆ ಇನ್ನೊಂದು ತೊಡಗಲು ಬೇಕಾದ ಆರೋಗ್ಯವನ್ನೂ ಭಗವಂತನು ಆ ದಂಪತಿಗಳಿಗೆ ಕೊಡಲಿ. ನಾಡಿನ ತುಂಬ ಜನ ನೆರೆಮನೆಯವನ ಮೇಲೆ ಹುಸಿ ಸುದ್ದಿ ಕಟ್ಟಿ ಸುತ್ತಿಗೆ ಎತ್ತುತ್ತಿರುವ 1947ರ ಈ ವರ್ಷದಲ್ಲಿ ನಾವು ಕೇಳಬೇಕಾದ ಖರೇ ಮಾತುಗಳು ಬಹಳ ಇವೆ, ಕೇಳಿದ ಮೇಲೆ ತಡೆದುಕೊಳ್ಳಬೇಕಾದ ನೋವೂ ಬಹಳವಿದೆ. ಆಗ ನಮ್ಮ ಮಗ್ಗುಲಲ್ಲಿಯೂ ಕೊಣ್ಣೂರ ಮಾಸ್ತರರು ಬಹುಕಾಲ ಕೂತಿರಲಿ.